ಏಳು ವರ್ಷದ ಒಟಿಟಿ ಸಂಸಾರ: ಒಬ್ಬ ಚಂದಾದಾರನ ಅನುಭವ

2018ರಲ್ಲಿ ಮೊದಲ ಸಲ ಒಟಿಟಿಗೆ, ಅಂದರೆ ಇಂಟರ್ನೆಟ್‌ನಲ್ಲಿ ಸಿನಿಮಾ, ಸೀರಿಯಲ್ ತೋರಿಸುವ ಆ್ಯಪ್‌ಗೆ, ದುಡ್ಡು ಕಟ್ಟಿದೆ. ಆಗ ಒಂದೇ ಆ್ಯಪ್, ಅದೂ ಫೋನಿನಲ್ಲಿ. ಕೆಲವೇ ವರ್ಷಗಳಲ್ಲಿ ದಾವಣಗೆರೆಯ ನಮ್ಮ ಮನೆ ಟಿವಿಯಲ್ಲಿ ನಾಲ್ಕು ಬಂದು ಕೂತವು. ಯಾಕೆ ನಾಲ್ಕು ಅಂದರೆ, ಒಬ್ಬರ ಹತ್ತಿರ ಇರೋದು ಇನ್ನೊಬ್ಬರ ಹತ್ತಿರ ಇರಲ್ಲ. ಎಕ್ಸ್‌ಕ್ಲೂಸಿವ್ ಅಂದರೆ ಅಷ್ಟೇ ಅಲ್ವಾ?

ಮೊದಮೊದಲು ಇದು ನನಗೆ ತುಂಬಾ ಇಷ್ಟವಾಗಿತ್ತು. 2020ರ ಜುಲೈನಲ್ಲಿ ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆಯ 'ಲಾ' ಥಿಯೇಟರಿಗೆ ಹೋಗದೆ ನೇರವಾಗಿ ಪ್ರೈಮ್ ವಿಡಿಯೋಗೆ ಬಂತು. ಒಂದು ವಾರಕ್ಕೆ 'ಫ್ರೆಂಚ್ ಬಿರಿಯಾನಿ' ಕೂಡ ಬಂತು. ಲಾಕ್‌ಡೌನ್ ಕಾಲದಲ್ಲಿ ಹೊಸ ಕನ್ನಡ ಸಿನಿಮಾ ಮನೆಯಲ್ಲೇ ಮೊದಲ ದಿನ ನೋಡಿದ್ದು ಹಬ್ಬದ ಹಾಗಿತ್ತು. ಆಮೇಲೆ 2022ರ ಮೇನಲ್ಲಿ 'ಕೆಜಿಎಫ್ 2' ಅಲ್ಲಿಗೇ ಬಂದಾಗ ಮೊದಲು ಬಾಡಿಗೆಗೆ, 199 ರೂಪಾಯಿಗೆ ಬಂತು. ಮನೆಗೇ ಟಿಕೆಟ್ ಬಂತು ಅಂತ ನಕ್ಕಿದ್ದೆವು.

ನಿಜವಾದ ಬದಲಾವಣೆ ನೋಡಿದ್ದು ಮಾತ್ರ ಅಮ್ಮನ ಸೀರಿಯಲ್‌ನಲ್ಲಿ. ಮೊದಲು ರಾತ್ರಿ ಊಟದ ಹೊತ್ತಿಗೆ ಇಡೀ ಬೀದಿಯಲ್ಲಿ ಒಂದೇ ಟೈಟಲ್ ಸಾಂಗ್ ಕೇಳುತ್ತಿತ್ತು, ಮರುದಿನ ಕಾಂಪೌಂಡ್ ಆಚೆ ಈಚೆ ನಿಂತು ಅದರ ಬಗ್ಗೆಯೇ ಮಾತು. ಈಗ ದುಡ್ಡು ಕೊಟ್ಟವರಿಗೆ ಟಿವಿಗಿಂತ ಮೊದಲೇ ಆ್ಯಪ್‌ನಲ್ಲಿ ಎಪಿಸೋಡ್ ಸಿಗುತ್ತದೆ, ಅಮ್ಮ ಬೆಳಿಗ್ಗೆಯೇ ನೋಡಿ ಮುಗಿಸಿರುತ್ತಾಳೆ, ಪಕ್ಕದ ಮನೆ ಆಂಟಿ ರಾತ್ರಿ ಟಿವಿಗೆ ಕಾಯುತ್ತಾರೆ. ಒಂದು ಸಲ ಅಮ್ಮ ಬಾಯಿ ತಪ್ಪಿ ಮುಂದೇನಾಗುತ್ತೆ ಅಂತ ಹೇಳಿಬಿಟ್ಟಳು. ಆಂಟಿ ಎರಡು ದಿನ ಮಾತು ಬಿಟ್ಟಿದ್ದರು.

ಇನ್ನೊಂದು ವಿಷಯ, ಎಕ್ಸ್‌ಕ್ಲೂಸಿವ್ ಅಂದ ಮಾತ್ರಕ್ಕೆ ಶಾಶ್ವತ ಅಲ್ಲ. '777 ಚಾರ್ಲಿ' 2022ರಲ್ಲಿ ವೂಟ್ ಸೆಲೆಕ್ಟ್‌ನಲ್ಲಿ ಬಂತು. ಮರುವರ್ಷ ವೂಟ್ ಜಿಯೋಸಿನಿಮಾದಲ್ಲಿ ಸೇರಿತು, 2025ರ ಫೆಬ್ರವರಿಯಲ್ಲಿ ಜಿಯೋಸಿನಿಮಾ ಮತ್ತು ಹಾಟ್‌ಸ್ಟಾರ್ ಸೇರಿ ಜಿಯೋಹಾಟ್‌ಸ್ಟಾರ್ ಆಯಿತು. ಅಂಗಡಿ ಬೋರ್ಡೇ ಎರಡು ಸಲ ಬದಲಾಯಿತು. ನಮ್ಮ ಅಪ್ಪನ ಕ್ಯಾಸೆಟ್‌ಗಳು ಬೀರುವಿನಲ್ಲಿ ಇನ್ನೂ ಇದ್ದ ಜಾಗದಲ್ಲೇ ಇವೆ!

ದೂರು? ಇದೆ. ವರ್ಷದ ಚಂದಾ ಕಟ್ಟಿದ ಒಂದು ಆ್ಯಪ್‌ನಲ್ಲಿ ನಡುವೆ ಜಾಹೀರಾತು ಶುರುವಾಯಿತು, ಅದು ಬೇಡ ಅಂದರೆ ಬೇರೆ ದುಡ್ಡು ಅಂದರು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ 'ಪ್ಲಾನ್ ಅಪ್‌ಗ್ರೇಡ್ ಮಾಡಿ ಸರ್' ಅಷ್ಟೇ.

ಅದಕ್ಕಿಂತ ಬೇಜಾರು ಕನ್ನಡದ ಪಾಲು. ಹಿಂದಿ, ತಮಿಳು, ತೆಲುಗಿನಲ್ಲಿ ಸಾಲು ಸಾಲು ಒರಿಜಿನಲ್ ಸರಣಿಗಳು ಬಂದವು, ನಮಗೆ ಸಿಕ್ಕಿದ್ದು ಜಾಸ್ತಿ ಡಬ್ಬಿಂಗ್. ಏಳು ಕಥೆಗಳ 'ಏಕಂ' ಸರಣಿಯನ್ನು ಯಾವ ಒಟಿಟಿಯೂ ಕೊಳ್ಳಲಿಲ್ಲ, ಕೊನೆಗೆ 2024ರ ಜುಲೈನಲ್ಲಿ ತಂಡದವರೇ ಸ್ವಂತ ವೆಬ್‌ಸೈಟ್ ಮಾಡಿ ಬಿಡುಗಡೆ ಮಾಡಿದರು. ಮರುವರ್ಷ ಜೀ5 ಆ್ಯಪ್ 'ಅಯ್ಯನ ಮನೆ' ಅನ್ನೋ ಕನ್ನಡ ಸರಣಿ ತಂದಾಗ ಸ್ವಲ್ಪ ಸಮಾಧಾನ ಆಯಿತು.

ಐದಕ್ಕೆ ಮೂರು ಸ್ಟಾರ್ ಕೊಡುತ್ತೇನೆ. ಈಗ ಆಟೋ-ಪೇ ಎಲ್ಲಾ ತೆಗೆದಿದ್ದೇನೆ, ನೋಡಬೇಕಾದ್ದು ಬಂದ ತಿಂಗಳು ಮಾತ್ರ ಆ ಆ್ಯಪ್‌ಗೆ ಕಟ್ಟುತ್ತೇನೆ, ನೋಡಿ ಮುಗಿದ ಮೇಲೆ ಬಿಡುತ್ತೇನೆ. ಅಮ್ಮನ ಸೀರಿಯಲ್ ಆ್ಯಪ್ ಮಾತ್ರ ಮುಟ್ಟುವ ಹಾಗಿಲ್ಲ. ಅದರ ಚಂದಾ ಮುಗಿಯುವ ತಾರೀಖನ್ನು ಅವಳು ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಗ್ಯಾಸ್ ಬುಕ್ ಮಾಡಿದ ದಿನದ ಪಕ್ಕದಲ್ಲೇ ಗುರುತು ಹಾಕಿಟ್ಟಿದ್ದಾಳೆ.