ಸ್ಟಾಫ್ ಗ್ರೂಪಿನಲ್ಲಿ ‘ನಾಳೆಯಿಂದ ಬರಬೇಡ’ ಅಂತ ಟೈಪ್ ಮಾಡುವ ಮುಂಚೆ ಇದನ್ನು ಓದಿ

ಕೊಡಗಿನಲ್ಲಿ ಹೋಂಸ್ಟೇ, ರೆಸಾರ್ಟ್, ಸಣ್ಣಪುಟ್ಟ ಎಸ್ಟೇಟ್ ನಡೆಸುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾರನ್ನಾದರೂ ಕೆಲಸದಿಂದ ತೆಗೆಯುವ ಮಾತನ್ನು ವಾಟ್ಸಾಪ್‌ನಲ್ಲಿ ಆಡಬೇಡಿ. ಗ್ರೂಪಿನಲ್ಲಂತೂ ಬೇಡವೇ ಬೇಡ. ಸಿಟ್ಟು ಬಂದಿದ್ದರೆ ಫೋನ್ ಪಕ್ಕಕ್ಕಿಟ್ಟು ಮಲಗಿ.

ನಾನು ಸುಂಟಿಕೊಪ್ಪದ ಕಡೆ ಒಂದು ರೆಸಾರ್ಟಿನಲ್ಲಿ ಲೆಕ್ಕ ನೋಡುತ್ತಿದ್ದೆ. ಹೆಸರು ಹೇಳುವುದಿಲ್ಲ, ದಯವಿಟ್ಟು ಕೇಳಲೂ ಬೇಡಿ. ತೋಟದ ನಡುವೆ ಕಾಟೇಜುಗಳು, ಇಪ್ಪತ್ತು ಚಿಲ್ಲರೆ ಜನ ಕೆಲಸಕ್ಕೆ, ಸಾಹುಕಾರರು ಮಾತ್ರ ಬೆಂಗಳೂರಿನಲ್ಲಿ. ಅವರು ತೋಟಕ್ಕೆ ಬರುವುದಕ್ಕಿಂತ ಗ್ರೂಪಿಗೆ ಬರುವುದೇ ಜಾಸ್ತಿ. ರೂಮ್ ರೆಡಿಯಾ, ಜನರೇಟರ್‌ಗೆ ಡೀಸೆಲ್ ಹಾಕಿದ್ರಾ, ಎಲ್ಲ ಅಲ್ಲೇ. ಆ ಗ್ರೂಪಿನಲ್ಲಿ ಇದ್ದದ್ದು ನಾವು ಕೆಲಸದವರು ಮಾತ್ರ ಅಲ್ಲ. ಜೀಪಿನವರು, ತರಕಾರಿ ಹಾಕುವವರು, ಇಬ್ಬರು ಟ್ರಾವೆಲ್ ಏಜೆಂಟರು ಕೂಡ ಇದ್ದರು. ಇದನ್ನು ನೆನಪಿಟ್ಟುಕೊಳ್ಳಿ.

ಹುತ್ತರಿ ಹಬ್ಬ ಕಳೆದು ವರ್ಷಾಂತ್ಯದ ರಷ್ ಶುರುವಾದಾಗ ರೆಸ್ಟೋರೆಂಟ್ ಲೆಕ್ಕದಲ್ಲಿ ಮೂವತ್ತೆಂಟು ಸಾವಿರ ಕಡಿಮೆ ಬಂತು. ಫ್ರಂಟ್ ಆಫೀಸ್ ನೋಡುತ್ತಿದ್ದವರು ಆರು ವರ್ಷ ದಾಟಿದ ಹಳೆಯ ಮನುಷ್ಯ. ಅವರನ್ನು ಒಂದು ಮಾತು ಕೇಳಲಿಲ್ಲ. ರಾತ್ರಿ ಸಾಹುಕಾರರು ಗ್ರೂಪಿನಲ್ಲಿ ಅವರ ಹೆಸರು ಹಾಕಿ ಬರೆದರು: ‘ಉಂಡ ಮನೆಗೆ ದ್ರೋಹ ಬಗೆದ ಕಳ್ಳ ನೀನು, ನಾಳೆಯಿಂದ ಗೇಟಿನೊಳಗೆ ಕಾಲಿಡಬೇಡ.’ ಮರುಕ್ಷಣ ಅವರನ್ನು ಗ್ರೂಪಿನಿಂದ ತೆಗೆದರು. ಆದರೆ ಗ್ರೂಪಿನಿಂದ ತೆಗೆದ ಮಾತ್ರಕ್ಕೆ ಅವರ ಫೋನಿನಲ್ಲಿ ಇದ್ದ ಮೆಸೇಜ್ ಹೋಗುವುದಿಲ್ಲ ಅಲ್ವಾ.

ದುಡ್ಡು ಎಲ್ಲಿ ಹೋಗಿತ್ತು ಅಂದ್ರೆ, ಕೌಂಟರಿನಲ್ಲಿ ಒಂದು ಹಳೆಯ ಕ್ಯೂಆರ್ ಕೋಡ್ ಸ್ಟಿಕ್ಕರ್ ಹಾಗೇ ಉಳಿದಿತ್ತು. ಅದು ಸಾಹುಕಾರರ ತಮ್ಮನ ಖಾತೆಯದು. ಗೆಸ್ಟುಗಳು ಅದಕ್ಕೇ ಸ್ಕ್ಯಾನ್ ಮಾಡಿದ್ದರು. ಬಿಲ್ಲುಗಳನ್ನು ಒಂದೊಂದಾಗಿ ಹೊಂದಿಸಿದಾಗ ಗೊತ್ತಾಯಿತು. ಅಷ್ಟರಲ್ಲಿ ಆ ಫ್ರಂಟ್ ಆಫೀಸಿನವರು ಮಡಿಕೇರಿಗೆ ಹೋಗಿ ಕಾರ್ಮಿಕ ಅಧಿಕಾರಿ ಕಚೇರಿಗೆ ಅರ್ಜಿ ಕೊಟ್ಟಾಗಿತ್ತು.

ನೋಟಿಸ್ ಬಂದಾಗ ಸಾಹುಕಾರರ ಮೊದಲ ಮಾತು, ‘ನಮ್ಮಲ್ಲಿ ಯೂನಿಯನ್ನೇ ಇಲ್ಲ, ಇವನೊಬ್ಬ ಏನು ಮಾಡ್ತಾನೆ?’ ಒಬ್ಬನೇ ಸಾಕು. ಆಗ ಜಾರಿಯಲ್ಲಿದ್ದ ಕೈಗಾರಿಕಾ ವಿವಾದಗಳ ಕಾಯ್ದೆ 1947ರ ಸೆಕ್ಷನ್ 2ಎ ಪ್ರಕಾರ ಕೆಲಸದಿಂದ ತೆಗೆದ ಒಬ್ಬ ನೌಕರನ ದೂರು ಕೂಡ ಪೂರ್ತಿ ಕೈಗಾರಿಕಾ ವಿವಾದವೇ ಆಗಿತ್ತು. ರಾಜಿ ಮಾಡಿಸಿ ಅಂತ ಅರ್ಜಿ ಕೊಟ್ಟು 45 ದಿನದಲ್ಲಿ ಬಗೆಹರಿಯದಿದ್ದರೆ ಅವರು ನೇರವಾಗಿ ಲೇಬರ್ ಕೋರ್ಟಿಗೆ ಹೋಗಬಹುದಿತ್ತು, ಸರ್ಕಾರ ಕಳಿಸಿಕೊಡಲಿ ಅಂತ ಕಾಯಬೇಕಿರಲಿಲ್ಲ.

ಈಗ ಸಾಹುಕಾರರು ಸಲಹೆಗೆ ಕರೆಸಿದ ಕನ್ಸಲ್ಟೆಂಟ್ ಸಾಹೇಬರ ಪ್ರವೇಶ. ನನ್ನ ಲೆಕ್ಕದಲ್ಲಿ ಸಾಹುಕಾರರ ಸಿಟ್ಟಿಗಿಂತ ದೊಡ್ಡ ಅಪಾಯ ಇವರು. ಬಂದವರೇ ಮೂರು ಉಪಾಯ ಹೇಳಿದರು. ಮೊದಲನೆಯದು, ‘ಅವನೇ ಕೆಲಸಕ್ಕೆ ಬರುವುದು ನಿಲ್ಲಿಸಿದ ಅಂತ ಹೇಳಿ.’ ಅತ್ತ ಆ ಮನುಷ್ಯ ‘ಕಾಲಿಡಬೇಡ’ ಅನ್ನುವ ಮೆಸೇಜನ್ನು ದಿನಾಂಕ, ಸಮಯ ಸಮೇತ ಪ್ರಿಂಟ್ ಹಾಕಿಸಿಕೊಂಡು ಬಂದಿದ್ದರು. ಅಲ್ಲಿಗೆ ಆ ಮಾತು ಮುಗಿಯಿತು. ಎರಡನೆಯದು, ‘ಅವನ ಹುದ್ದೆ ಫ್ರಂಟ್ ಆಫೀಸ್ ಮ್ಯಾನೇಜರ್, ಆದ್ದರಿಂದ ಅವನು ಕಾರ್ಮಿಕನೇ ಅಲ್ಲ.’ ಹುದ್ದೆಗೆ ನೀವು ಏನು ಹೆಸರಿಟ್ಟಿದ್ದೀರಿ ಅನ್ನುವುದು ಅಲ್ಲಿ ನಡೆಯುವುದಿಲ್ಲ, ದಿನಾ ಮಾಡುತ್ತಿದ್ದ ಕೆಲಸ ಏನು ಅಂತ ನೋಡುತ್ತಾರೆ. ಇವರು ಮಾಡುತ್ತಿದ್ದದ್ದು ಬಿಲ್ ಬರೆಯುವುದು, ಕೀ ಕೊಡುವುದು, ಫೋನ್ ಎತ್ತುವುದು. ಒಬ್ಬರಿಗೆ ರಜೆ ಕೊಡುವ ಅಧಿಕಾರವೂ ಇರಲಿಲ್ಲ.

ಮೂರನೆಯದನ್ನು ಕೇಳಿ ನನ್ನ ಕೈ ತಣ್ಣಗಾಯಿತು. ಹಳೆಯ ತಾರೀಕು ಹಾಕಿ ಎರಡು ಶೋಕಾಸ್ ನೋಟಿಸ್ (ತಪ್ಪಿಗೆ ಕಾರಣ ಕೇಳುವ ನೋಟಿಸ್) ಟೈಪ್ ಮಾಡು, ಕೆಲಸಕ್ಕೆ ಸೇರಿಸುವಾಗ ಸಹಿ ಹಾಕಿಸಿಕೊಂಡ ಖಾಲಿ ಹಾಳೆ ಇದ್ದರೆ ಅದರಲ್ಲಿ ರಾಜೀನಾಮೆ ಬರೆ ಅಂದರು. ಇದು ಕಾಗದಪತ್ರ ಸರಿಮಾಡುವುದಲ್ಲ, ಸುಳ್ಳು ದಾಖಲೆ ಸೃಷ್ಟಿಸುವುದು. ಸಿಕ್ಕಿಬಿದ್ದರೆ ಟೈಪ್ ಮಾಡಿದವನೂ ಒಳಗೆ. ಆಗಲ್ಲ ಅಂದೆ. ರೈಟರ್, ಕ್ಲರ್ಕ್ ಆಗಿ ತೋಟಗಳಲ್ಲಿ ಕೆಲಸ ಮಾಡುವವರು ಈ ಒಂದು ವಿಷಯದಲ್ಲಿ ಸಾಹುಕಾರರ ಮುಖ ನೋಡಬೇಡಿ. ಹೊಗಳಿಕೆ ಅವರಿಗೆ, ಕೇಸು ನಿಮಗೆ.

ದುಡ್ಡಿನ ಲೆಕ್ಕ ನೋಡಿ. ಹತ್ತು ಅಥವಾ ಹೆಚ್ಚು ಜನ ಇರುವ ಜಾಗದಲ್ಲಿ ಐದು ವರ್ಷ ಪೂರೈಸಿದವರಿಗೆ ಗ್ರಾಚ್ಯುಟಿ, ಅಂದ್ರೆ ಕೆಲಸ ಬಿಡುವಾಗ ಸಿಗುವ ಇಡುಗಂಟು, ಕೊಡಲೇಬೇಕು. ಆಗಿನ ಲೆಕ್ಕದಲ್ಲಿ ಕೊನೆಯ ತಿಂಗಳ ಬೇಸಿಕ್ ಮತ್ತು ತುಟ್ಟಿಭತ್ಯೆಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಬೇಕಿತ್ತು. ಇವರಿಗೆ 18,000 ಇತ್ತು, ಆರು ವರ್ಷಕ್ಕೆ 62,308 ರೂಪಾಯಿ. ‘ಕಳ್ಳನಿಗೆ ಯಾವ ಗ್ರಾಚ್ಯುಟಿ’ ಅಂತ ಸುಮ್ನೆ ತಡೆಹಿಡಿಯಲು ಬರುವುದಿಲ್ಲ, ಕಳ್ಳತನ ಮೊದಲು ಸಾಬೀತಾಗಬೇಕು. ಇದರ ಮೇಲೆ ನೋಟಿಸ್ ಅವಧಿಯ ಒಂದು ತಿಂಗಳ ಸಂಬಳ, ವರ್ಷಕ್ಕೆ 15 ದಿನದ ಪರಿಹಾರ. ಈ ನೋಟಿಸ್ ಸಂಬಳ, ಪರಿಹಾರ ಕೊಡದೆ ತೆಗೆದರೆ ತೆಗೆದದ್ದೇ ಸಿಂಧುವಲ್ಲ ಅಂತಾಗಿ, ವಾಪಸ್ ಸೇರಿಸಿ ಹಿಂದಿನ ಸಂಬಳವನ್ನೂ ಕೊಡಿ ಅನ್ನುವ ಆದೇಶ ಬರಬಹುದು. ಮೂವತ್ತೆಂಟು ಸಾವಿರದ ಸಿಟ್ಟಿಗೆ ಇಷ್ಟು!

ಗ್ರೂಪಿನಲ್ಲಿ ಹೊರಗಿನವರು ಇದ್ದರು ಅಂದೆನಲ್ಲ. ಅವರೆಲ್ಲರ ಮುಂದೆ ‘ಕಳ್ಳ’ ಅಂತ ಬರೆದದ್ದಕ್ಕೆ ಮಾನನಷ್ಟದ ನೋಟಿಸ್ ಬೇರೆ ಬಂತು. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 356, ಎರಡು ವರ್ಷದವರೆಗೆ ಸಜೆ ಆಗಬಹುದಾದ ಅಪರಾಧ. ಸಾಹುಕಾರರು ನಿಜಕ್ಕೂ ಹೆದರಿದ್ದು ಇದಕ್ಕೆ. ಕೊನೆಗೆ ರಾಜಿ ಆಯಿತು. ಬಾಕಿ ಎಲ್ಲ ಕೊಟ್ಟರು, ಮೇಲೆ ಇನ್ನಷ್ಟು ಕೊಟ್ಟರು, ಕ್ಯೂಆರ್ ಕೋಡಿನ ವಿಷಯ ವಿವರಿಸಿ ಅದೇ ಗ್ರೂಪಿನಲ್ಲಿ ಕ್ಷಮೆ ಕೇಳಬೇಕು ಅನ್ನುವುದೂ ಷರತ್ತಿನಲ್ಲಿ ಸೇರಿತ್ತು. ಅವರು ಮತ್ತೆ ಕೆಲಸಕ್ಕೆ ಬರಲು ಒಪ್ಪಲಿಲ್ಲ, ಈಗ ಕುಶಾಲನಗರದಲ್ಲಿದ್ದಾರೆ. ಒಳ್ಳೆಯದೇ ಆಯಿತು.

ನಿಜಕ್ಕೂ ಅನುಮಾನ ಇದ್ದರೆ ಏನು ಮಾಡಬೇಕು? ಲೆಕ್ಕ ಮೊದಲು ತಾಳೆ ನೋಡಿ. ಆಮೇಲೆ ಆರೋಪ ಏನು ಅಂತ ಸ್ಪಷ್ಟವಾಗಿ ಬರೆದು ನೋಟಿಸ್ ಕೊಡಿ, ಉತ್ತರಕ್ಕೆ ಸಮಯ ಕೊಡಿ, ಬೇಕಿದ್ದರೆ ವಿಚಾರಣೆ ಮುಗಿಯುವವರೆಗೆ ಅಮಾನತಿನಲ್ಲಿಡಿ, ಆಗ ಜೀವನಾಧಾರ ಭತ್ಯೆ ಅಂತ ಮೊದಲ 90 ದಿನ ಅರ್ಧ ಸಂಬಳ ಕೊಡಬೇಕು. ವಿಚಾರಣೆ ನಡೆಸುವವರು ಆರೋಪ ಮಾಡಿದವರೇ ಆಗಿರಬಾರದು. ನೋಟಿಸ್ ತಗೊಳ್ಳದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ಇದೆಲ್ಲ ಹಳೆಯ ಕಾನೂನು ಇದ್ದಾಗ ನಡೆದದ್ದು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಕೆಲಸದಿಂದ ತೆಗೆದರೂ, ಅವರೇ ಬಿಟ್ಟರೂ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ‘ಮುಂದಿನ ತಿಂಗಳು ನೋಡೋಣ’ ಅನ್ನುವ ನಮ್ಮ ಊರಿನ ಪದ್ಧತಿ ಇನ್ನು ನಡೆಯುವುದಿಲ್ಲ.

ಆ ಕನ್ಸಲ್ಟೆಂಟ್ ಈಗಲೂ ತೋಟದಿಂದ ತೋಟಕ್ಕೆ ತಿರುಗುತ್ತಿದ್ದಾರಂತೆ. ಅಂಥವರು ನಿಮ್ಮಲ್ಲಿಗೂ ಬಂದು, ಸೇರುವಾಗಲೇ ಖಾಲಿ ಹಾಳೆಗೆ ಸಹಿ ಹಾಕಿಸಿಟ್ಟುಕೊಳ್ಳಿ ಅಂತ ಶುರು ಮಾಡಿದರೆ, ಕಾಫಿ ಕೊಟ್ಟು ಗೇಟಿನವರೆಗೆ ಬಿಟ್ಟು ಬನ್ನಿ. ಈಗಾಗಲೇ ಅಂಥ ಹಾಳೆಗಳು ನಿಮ್ಮ ಬೀರುವಿನಲ್ಲಿದ್ದರೆ ಸಹಿ ಹಾಕಿದವರಿಗೇ ವಾಪಸ್ ಕೊಟ್ಟುಬಿಡಿ.