ಗುಜರಿಯಿಂದ ಬಂದ ಗೀಸರ್: ಕೊಳ್ಳುವ ಮುನ್ನ ಕೆಳಗಿನ ಮುಚ್ಚಳ ತೆಗೆಸಿ ನೋಡಿ

ಹಳೆಯ ಮನೆಗಳನ್ನು ಕೆಡವುವಾಗ, ಅಪಾರ್ಟ್‌ಮೆಂಟುಗಳಲ್ಲಿ ಸ್ನಾನದ ಮನೆಗಳನ್ನು ಹೊಸದಾಗಿ ಕಟ್ಟಿಸುವಾಗ ಹೊರಬೀಳುವ ಗೀಸರ್‌ಗಳನ್ನು ಗುಜರಿಯವರಿಂದ ತೂಕದ ಲೆಕ್ಕದಲ್ಲಿ ಕೊಂಡು, ರಿಪೇರಿ ಮಾಡಿ, ಬಣ್ಣ ಹೊಡೆದು, ಹೊಸದರ ಮೂರನೇ ಒಂದು ಪಾಲು ಬೆಲೆಗೆ ಮಾರುವವರು ಬೆಂಗಳೂರಿನಲ್ಲಿ ಬೇಕಾದಷ್ಟು ಜನರಿದ್ದಾರೆ. ಅಂಥ ಒಬ್ಬರಿಂದ ಕಳೆದ ಚಳಿಗಾಲದಲ್ಲಿ ಕೊಂಡ 15 ಲೀಟರಿನ ಗೀಸರ್, ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಕುಟುಂಬದ ಹಿರಿಯ ಹೆಂಗಸೊಬ್ಬರ ಮುಂಗೈಯನ್ನು ಸುಟ್ಟಿತು. ಬೊಬ್ಬೆಗಳು ಮಾಗಿ ಅವರು ಈಗ ಆರಾಮವಾಗಿದ್ದಾರೆ. ಆದರೆ ಆ ಗೀಸರಿನ ಒಳಗೆ ಕಂಡದ್ದನ್ನು ನೋಡಿದ ಮೇಲೆ, ಅದು ಒಂದು ಕೈಗೆ ಮಾತ್ರ ಮುಗಿದದ್ದೇ ಆಶ್ಚರ್ಯವೆನಿಸಿತು. ಇಂಥ ಗೀಸರ್ ಕೊಳ್ಳಲು ಯೋಚಿಸುತ್ತಿರುವವರಿಗೂ, ಗುಜರಿಯಿಂದ ತಂದು ತಾವೇ ಸರಿಪಡಿಸಿ ಮಾರಲು ಹೊರಟವರಿಗೂ ತಿಳಿದಿರಲಿ ಎಂದು ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಹಳೆಯ ವಸ್ತುಗಳನ್ನು ಸರಿಪಡಿಸಿ ಬಳಸುವುದರ ವಿರುದ್ಧ ನನ್ನ ತಕರಾರೇನೂ ಇಲ್ಲ. ನಮ್ಮ ಮನೆಯ ಮಿಕ್ಸಿ ಕಪ್ಲರ್ ಮತ್ತು ಕಾರ್ಬನ್ ಬ್ರಷ್ ಬದಲಾಯಿಸಿಕೊಂಡು ಇನ್ನೂ ರುಬ್ಬುತ್ತಿದೆ, ಯಾರೋ ಬಿಸಾಡಿದ ಸೀಲಿಂಗ್ ಫ್ಯಾನ್ ಒಂದು 2.5 ಎಂಎಫ್‌ಡಿ ಕಂಡೆನ್ಸರ್ ಹಾಕಿದೊಡನೆ ಹೊಸದರಂತೆ ತಿರುಗಿತು, ಎಸ್.ಪಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಅರ್ಧ ದಿನ ಕಳೆಯುವುದು ನನಗೆ ಇಂದಿಗೂ ಖುಷಿಯ ಕೆಲಸ. ಆದರೆ ಫ್ಯಾನು ಸರಿಯಾಗದಿದ್ದರೆ ತಿರುಗುವುದಿಲ್ಲ, ಮಿಕ್ಸಿ ಸರಿಯಾಗದಿದ್ದರೆ ರುಬ್ಬುವುದಿಲ್ಲ. ತಪ್ಪು ಅಲ್ಲೇ ಗೊತ್ತಾಗುತ್ತದೆ. ಗೀಸರಿನ ವಿಷಯ ಹಾಗಲ್ಲ. ಅದರಲ್ಲಿ ಅತಿ ಮುಖ್ಯವಾದ ಭಾಗಗಳೆಲ್ಲ ಅದನ್ನು ನಿಲ್ಲಿಸುವುದಕ್ಕೆಂದೇ ಇರುವ ಭಾಗಗಳು. ಅವನ್ನು ಕಿತ್ತುಹಾಕಿದರೆ ಗೀಸರ್ ಇನ್ನೂ ಚೆನ್ನಾಗಿ, ಎಲ್ಲೂ ನಿಲ್ಲದೆ ನೀರು ಕಾಯಿಸುತ್ತದೆ. ಮಾರುವವರು ಅಂಗಡಿಯಲ್ಲಿ ಪ್ಲಗ್ ಚುಚ್ಚಿ, ದೀಪ ಹತ್ತಿದ್ದನ್ನು ತೋರಿಸಿ, ಬಕೆಟ್ಟಿಗೆ ಬಿಸಿನೀರು ಬಿಟ್ಟು "ನೋಡಿ ಸಾರ್, ಕಂಪನಿ ಮಾಲ್" ಎನ್ನುವ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ ಎನ್ನುವುದು ಇದೇ ಕಾರಣಕ್ಕೆ.

ಮೊದಲು ಬಂದ ದೂರು ನಲ್ಲಿ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂಬುದು. ಮಾರಿದವರಿಗೆ ಫೋನ್ ಮಾಡಿದಾಗ ಒಬ್ಬ ಹುಡುಗನನ್ನು ಕಳಿಸಿದರು. ಅವನು ಪ್ಲಗ್ ಬಿಚ್ಚಿ ಏನೋ ಮಾಡಿ, "ಅರ್ಥ್ ಲೂಸ್ ಆಗಿತ್ತು ಸಾರ್, ಈಗ ಸರಿ ಹೋಯ್ತು" ಎಂದು ಹೇಳಿ ಹೋದ; ಜುಮ್ಮೆನ್ನುವುದು ನಿಂತಿತು. ಕೆಲವು ದಿನಗಳ ಬಳಿಕ ಬೆಳಿಗ್ಗೆ ಆ ಹಿರಿಯರು ಬಕೆಟ್ಟಿಗೆ ನೀರು ಬಿಡಲು ಬಿಸಿನೀರಿನ ನಲ್ಲಿ ತಿರುಗಿಸಿದಾಗ, ಮೊದಲು ಒಂದು ಕೆಮ್ಮಿನಂಥ ಸದ್ದು, ಆಮೇಲೆ ಹಬೆ, ಅದರ ಹಿಂದೆಯೇ ಸಿಡಿಯುತ್ತ ಕುದಿನೀರು ಬಂದವು. ಮೇಲೆ ಹೋಗಿ ನೋಡಿದಾಗ ಗೀಸರಿನ ಒಳಗಿಂದ ಗುಳುಗುಳು ಸದ್ದು ಕೇಳುತ್ತಿತ್ತು, ಪೈಪಿನ ಕೀಲಿನಲ್ಲಿ ಹಬೆ ಸುಯ್ಯೆನ್ನುತ್ತಿತ್ತು. ಎಂಸಿಬಿ ಇಳಿಸಿ, ಎಲ್ಲರನ್ನೂ ಹೊರಗೆ ಕಳಿಸಿ, ಅದು ಪೂರ್ತಿ ತಣಿಯುವವರೆಗೆ ಆ ಸ್ನಾನದ ಮನೆಯ ಬಾಗಿಲು ಹಾಕಿಸಿದೆ.

ಮರುದಿನ ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬರ ಜೊತೆ ಕೆಳಗಿನ ಪ್ಲಾಸ್ಟಿಕ್ ಮುಚ್ಚಳದ ಸ್ಕ್ರೂಗಳನ್ನು ಬಿಚ್ಚಿದಾಗ ಕಂಡದ್ದು ಇದು. ಥರ್ಮೋಸ್ಟಾಟಿನ ಪಾಯಿಂಟುಗಳು ಕರಗಿ ಅಂಟಿಕೊಂಡಿದ್ದವು, ಎಂದರೆ ನೀರು ಎಷ್ಟೇ ಕಾದರೂ ಅದು ಕರೆಂಟನ್ನು ಕಡಿಯುವಂತಿರಲಿಲ್ಲ. ಅದು ಕೆಟ್ಟಾಗ ಕೈಹಿಡಿಯಬೇಕಾದ ಥರ್ಮಲ್ ಕಟ್‌ಔಟಿನ ಎರಡೂ ತುದಿಗಳನ್ನು ಬೆರಳುದ್ದದ ತಾಮ್ರದ ತಂತಿಯಿಂದ ಜೋಡಿಸಿ ಮೇಲೆ ಕಪ್ಪು ಟೇಪ್ ಸುತ್ತಿದ್ದರು. ಅದೂ ಕೆಟ್ಟಾಗ ಒತ್ತಡವನ್ನು ಹೊರಬಿಡಬೇಕಾದ ಸೇಫ್ಟಿ ವಾಲ್ವಿನ ಸಣ್ಣ ಬಾಯಿಗೆ ಎಂ-ಸೀಲ್ ಮೆತ್ತಿ, ಅದು ಕಾಣದಂತೆ ಬೆಳ್ಳಿಬಣ್ಣ ಹೊಡೆದಿದ್ದರು. ಉಗುರಿನಿಂದ ಕೆರೆದಾಗ ಬಣ್ಣ ಎದ್ದು ಒಳಗಿನ ಬೂದುಬಣ್ಣದ ಗಟ್ಟಿ ಉಂಡೆ ಕಂಡಿತು. ಹಸಿರು ಅರ್ಥ್ ತಂತಿ ಪ್ಲಗ್ಗಿನಿಂದ ಒಳಗೆ ಬಂದಿತ್ತು ನಿಜ, ಆದರೆ ಟ್ಯಾಂಕಿಗೆ ಸೇರದೆ ಮುಚ್ಚಳದೊಳಗೆ ಮಡಚಿಕೊಂಡಿತ್ತು.

ಇವುಗಳಲ್ಲಿ ಯಾವುದೂ ಅಜಾಗರೂಕತೆಯಿಂದ ಆದದ್ದಲ್ಲ. ಗೀಸರುಗಳು ಗುಜರಿಗೆ ಯಾಕೆ ಬರುತ್ತವೆ ಎಂದು ಯೋಚಿಸಿದರೆ ಇದು ಅರ್ಥವಾಗುತ್ತದೆ. ಬೆಂಗಳೂರಿನ ಬೋರ್‌ವೆಲ್ ನೀರು ಗಡಸು. ಕಾಯಿಲಿನ ಮೇಲೂ ಥರ್ಮೋಸ್ಟಾಟಿನ ಕಡ್ಡಿ ಕೂರುವ ಕೊಳವೆಯ ಮೇಲೂ ಬಿಳಿ ಸುಣ್ಣದಂಥ ಪೊರೆ ಕಟ್ಟುತ್ತದೆ. ಥರ್ಮೋಸ್ಟಾಟಿಗೆ ನೀರಿನ ಬಿಸಿ ತಡವಾಗಿ ತಿಳಿಯುತ್ತದೆ, ಕಾಯಿಲ್ ಮಿತಿಮೀರಿ ಕಾಯುತ್ತದೆ, ಕಟ್‌ಔಟ್ ತನ್ನ ಕೆಲಸ ತಾನು ಮಾಡಿ ಕರೆಂಟ್ ಕಡಿಯುತ್ತದೆ. ಮನೆಯವರಿಗೆ ಕಾಣುವುದು ಗೀಸರ್ ಹತ್ತುತ್ತಿಲ್ಲ ಎಂಬುದಷ್ಟೆ. ಟ್ಯಾಂಕ್ ಬಿಚ್ಚಿ ಪೊರೆ ಕೆರೆದು, ಥರ್ಮೋಸ್ಟಾಟ್ ಬದಲಾಯಿಸುವುದು ಅರ್ಧ ದಿನದ ಕೆಲಸ; ಕಟ್‌ಔಟಿಗೆ ತಂತಿ ಜೋಡಿಸುವುದು ಎರಡು ನಿಮಿಷದ ಕೆಲಸ. ಮೂರನೇ ಒಂದು ಪಾಲು ಬೆಲೆಗೆ ಮಾರಿ ಲಾಭ ಉಳಿಸಿಕೊಳ್ಳಬೇಕಾದವರು ಯಾವುದನ್ನು ಆರಿಸುತ್ತಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಸೇಫ್ಟಿ ವಾಲ್ವಿನ ಕಥೆಯೂ ಹೀಗೆಯೇ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 75 ಡಿಗ್ರಿಗೆ ಕಾಯಿಸಿದರೆ ಅದು ಸುಮಾರು 340 ಮಿಲಿಲೀಟರಿನಷ್ಟು ಹಿಗ್ಗುತ್ತದೆ. ಈಗಿನ ಗೀಸರುಗಳಿಗೆ ಹಾಕುವ ಮಲ್ಟಿ-ಫಂಕ್ಷನ್ ವಾಲ್ವಿನಲ್ಲಿ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಏರ್ಪಾಡೂ ಇರುವುದರಿಂದ, ಹಿಗ್ಗಿದ ನೀರು ಮೇಲಿನ ಟ್ಯಾಂಕಿಗೆ ಮರಳಲಾರದು. ಒತ್ತಡ ಏರಿದಾಗ ಅದು ವಾಲ್ವಿನ ಸಣ್ಣ ಬಾಯಿಂದ ತೊಟ್ಟಿಕ್ಕಲೇಬೇಕು. ಕಾಯುವಾಗ ಒಂದಿಷ್ಟು ಹನಿ ಬೀಳುವುದು ಗೀಸರ್ ಸರಿಯಿರುವುದರ ಗುರುತು, ಕೆಟ್ಟಿರುವುದರದ್ದಲ್ಲ. ನಾನು ಜಗಳಕ್ಕೆ ಹೋದಾಗ ಮಾರಿದವರು ಸ್ವಲ್ಪವೂ ಅಳುಕದೆ ಹೇಳಿದ ಮಾತು ಇದು: "ತೊಟ್ಟಿಕ್ಕುತ್ತೆ ಅಂತ ಎಲ್ರೂ ವಾಪಸ್ ತರ್ತಾರೆ ಸಾರ್, ಅದಕ್ಕೇ ಬಂದ್ ಮಾಡಿ ಕೊಡೋದು." ಅವರ ಮಾತಿನಲ್ಲಿ ಸುಳ್ಳಿರಲಿಲ್ಲವೆಂದೇ ನನ್ನ ನಂಬಿಕೆ, ಮತ್ತು ಹೆಚ್ಚು ಹೆದರಿಸಿದ್ದು ಅದೇ.

ನಮ್ಮ ಅಜ್ಜಿಯ ಕಾಲದ ತಾಮ್ರದ ಹಂಡೆಯಲ್ಲಿ ನೀರು ಎಷ್ಟು ಕುದಿದರೂ ಹಬೆ ಬಾಯಿಂದ ಹೊರಟುಹೋಗುತ್ತಿತ್ತು. ಗೀಸರಿಗೆ ಅಂಥ ತೆರೆದ ಬಾಯಿಲ್ಲ. 2000 ವ್ಯಾಟಿನ ಕಾಯಿಲ್ 15 ಲೀಟರ್ ನೀರನ್ನು 25ರಿಂದ 75 ಡಿಗ್ರಿಗೆ ತರಲು ಸುಮಾರು 26 ನಿಮಿಷ ಸಾಕು. ಕಡಿಯುವವರು ಯಾರೂ ಇಲ್ಲದಿದ್ದರೆ ಇನ್ನು 13 ನಿಮಿಷದಲ್ಲಿ ನೂರು ಮುಟ್ಟುತ್ತದೆ. ಮುಚ್ಚಿದ ಟ್ಯಾಂಕಿನಲ್ಲಿ ಒತ್ತಡ ಹೆಚ್ಚಿರುವುದರಿಂದ ನೀರು ನೂರು ಡಿಗ್ರಿಯಲ್ಲಿ ಕುದಿಯದೆ ಇನ್ನೂ ಮೇಲಕ್ಕೆ ಕಾಯುತ್ತ ಹೋಗುತ್ತದೆ. ಆಗ ಯಾರಾದರೂ ನಲ್ಲಿ ತಿರುಗಿಸಿದರೆ ಒತ್ತಡ ಒಮ್ಮೆಗೇ ಇಳಿದು, ಕಾದ ನೀರಿನ ಒಂದು ಭಾಗ ಕ್ಷಣದಲ್ಲಿ ಹಬೆಯಾಗುತ್ತದೆ, ಮತ್ತು ಹಬೆಗೆ ಬೇಕಾದ ಜಾಗ ನೀರಿನ ಸುಮಾರು 1600 ಪಟ್ಟು. ನಲ್ಲಿಯಿಂದ ಬಂದದ್ದು ಇದೇ. ಟ್ಯಾಂಕೇ ಬಿರಿದಿದ್ದರೆ ಇಡೀ ಟ್ಯಾಂಕಿನ ನೀರು ಒಮ್ಮೆಗೇ ಹೀಗೆ ಸಿಡಿಯುತ್ತಿತ್ತು. ಮಹಡಿಯ ಮಿಕ್ಸರ್ ನಲ್ಲಿಯ ವಾಷರ್ ಸವೆದು ಸದಾ ಸ್ವಲ್ಪ ಸೋರುತ್ತಿತ್ತು, ಬಾಡಿಗೆಯವರು ಅದನ್ನು ಸರಿಮಾಡಿಸಿಕೊಡಿ ಎಂದು ನನ್ನನ್ನು ಕೇಳುತ್ತಲೇ ಇದ್ದರು. ಆ ಸೋರಿಕೆಯೇ ಆ ದಿನ ಸೇಫ್ಟಿ ವಾಲ್ವಿನ ಕೆಲಸ ಮಾಡಿತೆಂದು ನಮ್ಮ ಎಲೆಕ್ಟ್ರಿಷಿಯನ್ ಅಭಿಪ್ರಾಯ.

ಜುಮ್ಮೆನ್ನುವುದು ಹೇಗೆ ನಿಂತಿತು ಎಂಬುದನ್ನು ಹೇಳದೆ ಬಿಡುವಂತಿಲ್ಲ. ಕಾಯಿಲಿನ ಹೊರಕವಚ ಒಂದು ತುದಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟು ನೀರಿಗೆ ಕರೆಂಟ್ ಸೋರುತ್ತಿತ್ತು. ಅರ್ಥ್ ಸರಿಯಿದ್ದು, ಮನೆಯಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಕಡಿಯುವ ಸ್ವಿಚ್) ಇದ್ದರೆ ಸ್ವಿಚ್ ಹಾಕಿದೊಡನೆ ಅದು ಬೀಳುತ್ತದೆ. ಗಿರಾಕಿಗಳು "ನಿಮ್ಮ ಗೀಸರ್ ಹಾಕಿದರೆ ಮನೆ ಕರೆಂಟೇ ಹೋಗುತ್ತದೆ" ಎಂದು ದೂರುತ್ತಾರೆ, ಆದ್ದರಿಂದ ಅರ್ಥ್ ತಂತಿಯನ್ನೇ ಬಿಡಿಸಿಡುತ್ತಾರೆ. ಆಗ ಸೋರುವ ಕರೆಂಟಿಗೆ ಹೋಗಲು ದಾರಿಯಿಲ್ಲದೆ ಅದು ಮನುಷ್ಯರ ಕೈಗಾಗಿ ಕಾಯುತ್ತದೆ. ಹಿಂದೆ ಕಬ್ಬಿಣದ ಜಿಐ ಪೈಪುಗಳಿದ್ದಾಗ ಅವುಗಳ ಮೂಲಕ ಸ್ವಲ್ಪವಾದರೂ ನೆಲಕ್ಕೆ ಇಳಿಯುತ್ತಿತ್ತು; ಈಗಿನ ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪುಗಳಲ್ಲಿ ಆ ದಾರಿಯೂ ಇಲ್ಲ. ಬಂದ ಹುಡುಗ ಪ್ಲಗ್ಗಿನಲ್ಲಿ ಫೇಸ್ ಮತ್ತು ನ್ಯೂಟ್ರಲ್ ತಂತಿಗಳನ್ನು ಅದಲುಬದಲು ಮಾಡಿದ್ದ, ಅಷ್ಟೆ. ಬಿರುಕು ನ್ಯೂಟ್ರಲ್ ಕಡೆಗೆ ಬಂದದ್ದರಿಂದ ನೀರಿನಲ್ಲಿ ವೋಲ್ಟೇಜ್ ಕಡಿಮೆಯಾಗಿ ಕೈಗೆ ತಿಳಿಯದಂತಾಯಿತು. ಆದರೆ ಈ ಅದಲುಬದಲಿನಿಂದ ಥರ್ಮೋಸ್ಟಾಟ್ ಈಗ ನ್ಯೂಟ್ರಲ್ ತಂತಿಯನ್ನು ಮಾತ್ರ ಕಡಿಯುತ್ತದೆ. ಅದು ಸರಿಯಿದ್ದು ನೀರು ಕಾದು ದೀಪ ಆರಿದ ಮೇಲೂ ಕಾಯಿಲಿಗೆ ಫೇಸ್ ಇದ್ದೇ ಇರುತ್ತದೆ, ಮತ್ತು ಆಗ ಬಿರುಕಿನ ಜಾಗದಲ್ಲಿ ಪೂರ್ಣ 230 ವೋಲ್ಟ್ ನಿಲ್ಲುತ್ತದೆ.

ಇಷ್ಟಾದ ಮೇಲೂ ಹಳೆಯ ಗೀಸರ್ ಕೊಳ್ಳಲೇಬೇಕೆಂದಿದ್ದರೆ, ಮಾರುವವರ ಎದುರಿನಲ್ಲಿಯೇ ಪ್ಲಗ್ ತೆಗೆಸಿ ಕೆಳಗಿನ ಮುಚ್ಚಳ ಬಿಚ್ಚಿಸಿ. ಒಪ್ಪದಿದ್ದರೆ ಅಲ್ಲಿಂದಲೇ ಹೊರಡಿ. ಕಟ್‌ಔಟಿನ ಎರಡು ತುದಿಗಳ ನಡುವೆ ತುಂಡು ತಂತಿಯಾಗಲಿ, ಎರಡು ತಂತಿಗಳನ್ನು ಸೇರಿಸಿ ಸುತ್ತಿದ ಟೇಪಾಗಲಿ ಕಂಡರೆ ಬೇರೆ ಏನನ್ನೂ ನೋಡಬೇಕಾಗಿಲ್ಲ. ಒಂದು ಸಾಧಾರಣ ಮಲ್ಟಿಮೀಟರ್ ಜೊತೆಗಿರಲಿ: ಪ್ಲಗ್ಗಿನ ದಪ್ಪ ಪಿನ್ನಿಗೂ (ಅದೇ ಅರ್ಥ್ ಪಿನ್) ಟ್ಯಾಂಕಿನ ಬರಿಲೋಹಕ್ಕೂ ನಡುವೆ 1 ಓಮ್‌ಗಿಂತ ಕಡಿಮೆ ತೋರಿಸಬೇಕು, ಎರಡು ಸಣ್ಣ ಪಿನ್‌ಗಳ ನಡುವೆ 2000 ವ್ಯಾಟಿನ ಕಾಯಿಲಿಗೆ 26 ಓಮ್ ಆಸುಪಾಸು ತೋರಿಸಬೇಕು, ಸಣ್ಣ ಪಿನ್ನಿಗೂ ದಪ್ಪ ಪಿನ್ನಿಗೂ ನಡುವೆ ಯಾವ ಸಂಪರ್ಕವನ್ನೂ ತೋರಿಸಬಾರದು. ಕೊನೆಯ ಪರೀಕ್ಷೆಯನ್ನು ಮಾತ್ರ ಪೂರ್ತಿ ನಂಬಬೇಡಿ. ಮಲ್ಟಿಮೀಟರಿನ ಸಣ್ಣ ಬ್ಯಾಟರಿಗೆ ಸಿಕ್ಕದ ಬಿರುಕು ಇನ್ಸುಲೇಷನ್ ಪರೀಕ್ಷಿಸುವ 500 ವೋಲ್ಟಿನ ಮೆಗ್ಗರ್ ಎಂಬ ಉಪಕರಣಕ್ಕೆ ಸಿಕ್ಕಿಬೀಳುತ್ತದೆ, ಮತ್ತು ಮೆಗ್ಗರ್ ಇಟ್ಟುಕೊಂಡಿರುವ ಎಲೆಕ್ಟ್ರಿಷಿಯನ್‌ಗಳು ಹುಡುಕಿದರೆ ಸಿಗುತ್ತಾರೆ. ಸೇಫ್ಟಿ ವಾಲ್ವನ್ನು ಪರೀಕ್ಷಿಸುವ ಗೋಜೇ ಬೇಡ. ಹಳೆಯದನ್ನು ಬಿಸಾಡಿ, ಗೀಸರಿನ ಫಲಕದ ಮೇಲೆ ಬರೆದಿರುವ ಒತ್ತಡಕ್ಕೆ ಸರಿಹೊಂದುವ ಹೊಸದನ್ನು ಹಾಕಿಸಿ. ಫಲಕವೇ ಇಲ್ಲದಿದ್ದರೆ, ಇಲ್ಲವೇ ಹಳೆಯ ಮೈಗೆ ಹೊಚ್ಚಹೊಸ ಐಎಸ್‌ಐ ಚೀಟಿ ಅಂಟಿಸಿದ್ದರೆ, ಆ ಚೀಟಿಗೆ ಬೆಲೆಯಿಲ್ಲ. ಐಎಸ್ 2082 ಎಂಬ ಮಾನಕ ತಯಾರಾದ ಗೀಸರಿಗೆ ಅನ್ವಯಿಸುತ್ತದೆಯೇ ಹೊರತು ಬಿಚ್ಚಿ ಮತ್ತೆ ಜೋಡಿಸಿದ ಗೀಸರಿಗಲ್ಲ.

ಅಳವಡಿಸುವವರು ಇದನ್ನೆಲ್ಲ ನೋಡುತ್ತಾರೆಂದು ತಿಳಿಯಬೇಡಿ. ಪ್ಲಂಬರ್ ಪೈಪ್ ಜೋಡಿಸುತ್ತಾರೆ, ಎಲೆಕ್ಟ್ರಿಷಿಯನ್ 16 ಆಂಪಿಯರಿನ ಸಾಕೆಟ್ ಹಾಕುತ್ತಾರೆ, ಮುಚ್ಚಳ ತೆರೆಯುವುದು ಇಬ್ಬರ ಕೆಲಸವೂ ಅಲ್ಲ.

ಹಳೆಯ ಗ್ಯಾಸ್ ಗೀಸರುಗಳ ವಿಷಯದಲ್ಲಂತೂ ಯಾವ ಪರೀಕ್ಷೆಯನ್ನೂ ನಾನು ಸೂಚಿಸುವುದಿಲ್ಲ. ಬರ್ನರಿನಲ್ಲಿ ಮಸಿ ಕಟ್ಟಿ ಗ್ಯಾಸ್ ಅರೆಬರೆ ಉರಿದರೆ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಿಟಕಿ ಮುಚ್ಚಿದ ಸಣ್ಣ ಸ್ನಾನದ ಮನೆಯಲ್ಲಿ ಒಳಗಿರುವವರಿಗೆ ತಿಳಿಯುವ ಮೊದಲೇ ಪ್ರಜ್ಞೆ ತಪ್ಪುತ್ತದೆ. ಅದನ್ನು ಗುಜರಿಯಿಂದ ಮನೆಗೆ ತರಲೇಬೇಡಿ.

ಹಣ ವಾಪಸ್ ಬಂದಿತೇ ಎಂದರೆ, ಅರ್ಧ ಬಂದಿತು, ಅದೂ ಬೀದಿಯಲ್ಲಿ ನಿಂತು ಗಟ್ಟಿಯಾಗಿ ಮಾತಾಡಿದ ಮೇಲೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದೋಷಪೂರಿತ ವಸ್ತುವಿನಿಂದ ಆದ ಹಾನಿಗೆ ಮಾರಾಟಗಾರರನ್ನೂ ಹೊಣೆ ಮಾಡುವ ಅವಕಾಶವಿದೆ, 1915 ಸಂಖ್ಯೆಗೆ ಕರೆ ಮಾಡಿ ದೂರನ್ನೂ ದಾಖಲಿಸಬಹುದು. ಆದರೆ ನನ್ನ ಬಳಿ ಇದ್ದದ್ದು "3 ತಿಂಗಳು ಗ್ಯಾರಂಟಿ" ಎಂದು ಬಾಲ್‌ಪೆನ್ನಿನಲ್ಲಿ ಬರೆದ, ಹೆಸರೂ ಸಹಿಯೂ ಇಲ್ಲದ ಒಂದು ಚೀಟಿ. ಬಿಲ್ ಕೊಡದವರಿಂದ ಕರೆಂಟಿನ ವಸ್ತು ಕೊಳ್ಳಬೇಡಿ ಎಂದು ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇನೆ.

ಇನ್ನು ಆ ಗೀಸರ್. ಅದನ್ನು ವಾಪಸ್ ಕೊಂಡೊಯ್ಯಲು ಮಾರಿದವರು ಬಹಳ ಉತ್ಸಾಹ ತೋರಿಸಿದರು. ನಾನು ಕೊಡಲಿಲ್ಲ, ಏಕೆಂದರೆ ಮತ್ತೊಂದು ಬಣ್ಣದಲ್ಲಿ ಅದು ಮತ್ತೊಂದು ಮನೆಗೆ ಹೋಗುವುದು ಖಚಿತವಿತ್ತು. ಕೆಟ್ಟ ಗೀಸರನ್ನು ಗುಜರಿಗೆ ಹಾಕುವ ಪ್ರತಿಯೊಬ್ಬರಿಗೂ ಈ ಕೆಲಸ ಸಾಧ್ಯ: ಕೊಡುವ ಮುನ್ನ ಪ್ಲಗ್ ಸಮೇತ ವೈರನ್ನು ಬುಡದಲ್ಲಿ ಕತ್ತರಿಸಿ, ಸೇಫ್ಟಿ ವಾಲ್ವನ್ನು ತೆಗೆದಿಟ್ಟುಕೊಂಡು, ಟ್ಯಾಂಕಿಗೆ ಡ್ರಿಲ್‌ನಿಂದ ಎರಡು ಕಡೆ ತೂತು ಹೊಡೆಸಿ. ಗುಜರಿಯವರು ತೂಕಕ್ಕೇ ಕೊಳ್ಳುವುದರಿಂದ ತೂತಿನಿಂದ ಬೆಲೆ ಇಳಿಯಬಾರದು. ನಮ್ಮಲ್ಲಿಗೆ ಬರುವ ಗುಜರಿಯವರು ತೂತುಗಳನ್ನು ನೋಡಿ ಐವತ್ತು ರೂಪಾಯಿ ಕಡಿಮೆ ಕೊಟ್ಟರು.