ಸಂಕಷ್ಟಿ ಚಂದ್ರ ಬಂದನಾ? ಕ್ಯಾಲೆಂಡರ್, ಮೊಬೈಲ್ ಮತ್ತು ನನ್ನ ಮುಷ್ಟಿ

ಧಾರವಾಡದ ನಮ್ಮ ಮನೆಯಲ್ಲಿ ಅವ್ವ ಪ್ರತಿ ತಿಂಗಳೂ ಸಂಕಷ್ಟಿ ಮಾಡುತ್ತಾಳೆ. ಚಂದ್ರ ಕಾಣುವವರೆಗೆ ಊಟ ಇಲ್ಲ. ಮಧ್ಯಾಹ್ನದ ಸಾಬೂದಾಣಿ ಖಿಚಡಿ ರಾತ್ರಿ ಎಂಟಕ್ಕೆಲ್ಲ ಕರಗಿರುತ್ತದೆ. ಆಮೇಲೆ ಹತ್ತು ನಿಮಿಷಕ್ಕೊಮ್ಮೆ ನನಗೆ ಮಾಳಿಗೆ ಹತ್ತುವ ಕೆಲಸ. "ಚಂದ್ರಾಮ ಬಂದಾನೇನು ನೋಡೋ."

ಈ ಹತ್ತಿ ಇಳಿಯುವುದನ್ನು ತಪ್ಪಿಸಿಕೊಳ್ಳೋಣ ಅಂತಲೇ ಒಂದು ವರ್ಷ ಮೂರು ದಾರಿ ಹಿಡಿದು ನೋಡಿದೆ. ಗೋಡೆ ಕ್ಯಾಲೆಂಡರ್, ಮೊಬೈಲ್ ಆ್ಯಪ್, ಮತ್ತೆ ನನ್ನದೇ ಬರಿಗೈ.

ಮೊದಲು ಕ್ಯಾಲೆಂಡರ್. ಸಂಕಷ್ಟಿಯ ಚೌಕದಲ್ಲೇ ಚಂದ್ರೋದಯದ ಸಮಯ ಅಚ್ಚಾಗಿರುತ್ತದೆ. ಚಾರ್ಜ್ ಬೇಡ, ನೆಟ್ ಬೇಡ, ಕನ್ನಡಕ ಒಂದಿದ್ದರೆ ಸಾಕು. ಆದರೆ ನಮ್ಮ ಮನೆಯಲ್ಲಿರುವುದು ಬೆಂಗಳೂರಿನ ಲೆಕ್ಕದ್ದು. ಧಾರವಾಡ ಬೆಂಗಳೂರಿಗಿಂತ ಎರಡೂವರೆ ಡಿಗ್ರಿ ಪಶ್ಚಿಮಕ್ಕಿದೆ. ಒಂದು ಡಿಗ್ರಿಗೆ 4 ನಿಮಿಷ. ಅಂದರೆ ಚಂದ್ರ ಅಲ್ಲಿ ಹುಟ್ಟಿ ಸುಮಾರು ಹತ್ತು ನಿಮಿಷವಾದ ಮೇಲೆ ಇಲ್ಲಿಗೆ ಬರುತ್ತಾನೆ. ಹಸಿದ ಹೊಟ್ಟೆಗೆ ಹತ್ತು ನಿಮಿಷ ಸುಮ್ನೆ ಅಲ್ಲ. ಇನ್ನು ಸಂಕಷ್ಟಿ ಇಲ್ಲದ ದಿನ ಚಂದ್ರ ಯಾವಾಗ ಬರುತ್ತಾನೆ ಅಂದರೆ ನಮ್ಮ ಕ್ಯಾಲೆಂಡರ್ ಬಾಯಿ ಬಿಡುವುದಿಲ್ಲ. ತಿಥಿ ನೋಡಿ ನಾವೇ ಅಂದಾಜು ಮಾಡಬೇಕು. ಹುಣ್ಣಿಮೆಯ ದಿನ ಸೂರ್ಯ ಮುಳುಗುವ ಹೊತ್ತಿಗೆ ಚಂದ್ರ ಏಳುತ್ತಾನೆ, ಅಲ್ಲಿಂದ ದಿನಕ್ಕೆ ಸುಮಾರು 50 ನಿಮಿಷ ತಡ. ಆ ಲೆಕ್ಕದಲ್ಲಿ ಹುಣ್ಣಿಮೆಯ ನಂತರದ ಚೌತಿಗೆ, ಅಂದರೆ ಸಂಕಷ್ಟಿಗೆ, ರಾತ್ರಿ ಒಂಬತ್ತರ ಆಚೀಚೆ. ಅಂದಾಜಿಗೆ ಇದೇ ಸಾಕು, ನಿಜ ಹೇಳಬೇಕೆಂದರೆ.

ಎರಡನೆಯದು ಆ್ಯಪ್. ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಮ್ ತರಹದ್ದು ಹಲವು ಸಿಗುತ್ತವೆ, ಎರಡು ಮೂರು ಹಾಕಿ ತೆಗೆದೆ. ನಮ್ಮೂರಿನದೇ ಸಮಯ ಕೊಡುತ್ತವೆ, ಆ ಹತ್ತು ನಿಮಿಷದ ತಕರಾರು ಅಲ್ಲಿಗೆ ಮುಗಿಯಿತು. ಆದರೆ ಮೊದಲ ಸಂಕಷ್ಟಿಯ ರಾತ್ರಿಯೇ ಎಡವಟ್ಟಾಯಿತು. ನಾನು ನಿಂತದ್ದು ನೀರಿನ ಟ್ಯಾಂಕಿನ ಕಬ್ಬಿಣದ ಸ್ಟ್ಯಾಂಡ್ ಪಕ್ಕ. ಮೊಬೈಲಿನ ದಿಕ್ಸೂಚಿಗೆ ದಿಕ್ಕು ತಪ್ಪಿ, ಚಂದ್ರ ಹಿಂದಿನ ಮನೆಯ ಹಿತ್ತಲಲ್ಲಿದ್ದಾನೆ ಎಂದು ತೋರಿಸಿತು. ಸ್ಟ್ಯಾಂಡಿನಿಂದ ದೂರ ಬಂದು, ಎಂಟು ಬರೆದ ಹಾಗೆ ಗಾಳಿಯಲ್ಲಿ ಮೊಬೈಲ್ ಆಡಿಸಿದ ಮೇಲೆ ಸರಿಹೋಯಿತು. ಸಮಯವಾದ ತಕ್ಷಣ ಕೆಳಗೆ ಓಡಿಬಂದು "ಬಂದ, ಬಂದ" ಎಂದೆ. ಅವ್ವ ನೀರಿನ ತಂಬಿಗೆ ಹಿಡಿದು ಮಾಳಿಗೆಗೆ ಬಂದಳು. ಪೂರ್ವಕ್ಕೆ ಬರೀ ಎದುರಿನ ಅಪಾರ್ಟ್‌ಮೆಂಟಿನ ಗೋಡೆ.

"ನಿನ್ನ ಮೊಬೈಲಿನ್ಯಾಗ ಬಂದಿರಬೇಕು. ನನ್ನ ಕಣ್ಣಿಗೆ ಬರ್ಲಿ ಮೊದ್ಲ."

ಅಲ್ಲೇ ಇರೋದು ವಿಷಯ. ಕ್ಯಾಲೆಂಡರಾಗಲಿ ಆ್ಯಪ್ ಆಗಲಿ, ಹೇಳುವುದು ಬಟ್ಟಬಯಲಿನ ಚಂದ್ರೋದಯ. ನೆಲ ಆಕಾಶ ಸೇರುವ ಗೆರೆ ಕಾಣುವ ಕಡೆ ಮಾತ್ರ ಅದು ನಿಜ. ನಮ್ಮ ಓಣಿಯಲ್ಲಿ ಆ ಗೆರೆ ಯಾರು ಕಂಡಿದ್ದಾರೆ?

ಇಲ್ಲಿಂದ ಮುಷ್ಟಿಯ ಆಟ ಶುರು. ಕೈ ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ಕಿರುಬೆರಳು 1 ಡಿಗ್ರಿ. ಚಂದ್ರ ಅರ್ಧ ಡಿಗ್ರಿ, ಅಂದರೆ ಅರ್ಧ ಕಿರುಬೆರಳು. ಅಪಾರ್ಟ್‌ಮೆಂಟಿನ ಎತ್ತರ ನಮ್ಮ ಮಾಳಿಗೆಯಿಂದ ಸರಿಯಾಗಿ ಒಂದು ಮುಷ್ಟಿ. ಭೂಮಿ ತಿರುಗುವುದರಿಂದ ಚಂದ್ರ ಗಂಟೆಗೆ ಹದಿನಾಲ್ಕೂವರೆ ಡಿಗ್ರಿಯಷ್ಟು ಸರಿಯುತ್ತಾನೆ. ನಮ್ಮ ಸೀಮೆಯಲ್ಲಿ ಹೆಚ್ಚುಕಡಿಮೆ ನೆಟ್ಟಗೇ ಮೇಲೇಳುತ್ತಾನೆ. ಒಂದು ಮುಷ್ಟಿ ಏರಲು 40 ನಿಮಿಷ ಮೇಲೆ ಸ್ವಲ್ಪ. ಮುಂದಿನ ತಿಂಗಳು ಆ್ಯಪ್ ಹೇಳಿದ ಸಮಯಕ್ಕೆ ಮುಕ್ಕಾಲು ಗಂಟೆ ಸೇರಿಸಿ ಅವ್ವನನ್ನು ಕರೆದೆ. ಗೋಡೆಯ ಮೇಲೆ ಚಂದ್ರ ಕೂತೇ ಇದ್ದ. ಅವತ್ತಿನ ಊಟದ ರುಚಿಯೇ ಬೇರೆ.

ಕೈಯಳತೆಯ ಚಟ ಹತ್ತಿದ್ದು ಚೈತ್ರದಲ್ಲಿ. ಹುಣ್ಣಿಮೆಯ ಚಂದ್ರ ಚಿತ್ತಾ ನಕ್ಷತ್ರದ ಆಸುಪಾಸು ಇರುವ ತಿಂಗಳಾದ್ದರಿಂದಲೇ ಅದಕ್ಕೆ ಚೈತ್ರ ಅಂತ ಹೆಸರು. ಹುಣ್ಣಿಮೆಯ ರಾತ್ರಿ 8ಕ್ಕೆ ನೋಡಿದಾಗ ಚಿತ್ತೆ ಚಂದ್ರನಿಗಿಂತ ಕೆಳಗೆ, ಪೂರ್ವದ ಕಡೆ, ಮೂರು ಕಿರುಬೆರಳು ದೂರ. 11ಕ್ಕೆ ಮತ್ತೆ ಹೋದೆ. ಇಬ್ಬರೂ ಮೇಲೇರಿದ್ದರು, ಆದರೆ ನಡುವೆ ಎರಡೇ ಬೆರಳು ಉಳಿದಿತ್ತು! ಮರುದಿನ 8ಕ್ಕೆ ಚಂದ್ರ ಚಿತ್ತೆಯನ್ನು ದಾಟಿ ಆ ಕಡೆಗೆ ಒಂದು ಮುಷ್ಟಿ ದೂರ ಹೋಗಿದ್ದ. ಎಲ್ಲರ ಜೊತೆ ಪಶ್ಚಿಮಕ್ಕೆ ಸಾಗುತ್ತಲೇ ಒಳಗೊಳಗೆ ಪೂರ್ವಕ್ಕೆ ಜಾರುತ್ತಿದ್ದಾನೆ, ದಿನಕ್ಕೆ 13 ಡಿಗ್ರಿಯಷ್ಟು. ಓಡುವ ರೈಲಿನಲ್ಲಿ ಹಿಂದಿನ ಬೋಗಿಯ ಕಡೆ ನಡೆಯುವವನ ಹಾಗೆ. ದಿನಾ 50 ನಿಮಿಷ ತಡವಾಗುವುದು ಇದಕ್ಕೇ. ಪಂಚಾಂಗದಲ್ಲಿ ದಿನಕ್ಕೊಂದು ನಕ್ಷತ್ರ ಎಂದು 27 ಮನೆ ಮಾಡಿದ್ದೂ ಇದಕ್ಕೇ, ಒಂದೊಂದು ಮನೆ 13 ಡಿಗ್ರಿಗಿಂತ ಸ್ವಲ್ಪ ಹೆಚ್ಚು ಅಗಲ. ಆ್ಯಪಿನಲ್ಲಿ ಇದನ್ನು ಹತ್ತು ಸಲ ಓಡಿಸಿ ನೋಡಿದ್ದೆ, ಆದರೆ ತಲೆಗೆ ಹೋದದ್ದು ಆ ಒಂದು ಬೆರಳು ಕಡಿಮೆಯಾದಾಗಲೇ.

ಹಾಗಂತ ಆ್ಯಪನ್ನು ಅಳಿಸಿಲ್ಲ. ಯಾವ ತಿಂಗಳು ಎಲ್ಲಿಂದ ಏಳುತ್ತಾನೆ ಎಂದು ಮುಂಚೆಯೇ ತಿಳಿಯಲು ಅದೇ ಬೇಕು. ಚಳಿಗಾಲದ ಸಂಕಷ್ಟಿ ಚಂದ್ರ ಅಪಾರ್ಟ್‌ಮೆಂಟಿನ ಎಡಕ್ಕೆ, ಈಶಾನ್ಯದ ಕಡೆ ಏಳುತ್ತಾನೆ. ಅಲ್ಲಿ ಬರೀ ಒಂದು ತೆಂಗಿನ ಮರ, ಕಾಯುವುದೇ ಬೇಡ. ಮೇ ತಿಂಗಳಲ್ಲಿ ಬಲಕ್ಕೆ ಸರಿಯುತ್ತಾನೆ. ಡಿಸೆಂಬರ್ ಹುಣ್ಣಿಮೆಯ ಚಂದ್ರ ನಡುರಾತ್ರಿ ನಮ್ಮ ನೆತ್ತಿಗಿಂತ ಉತ್ತರಕ್ಕೆ ಹಾಯುತ್ತಾನೆ ಎಂದು ಆ್ಯಪ್ ಹೇಳಿದಾಗ ನಂಬಿರಲಿಲ್ಲ. ಸ್ವೆಟರ್ ಹಾಕಿಕೊಂಡು ಹೋಗಿ ನೋಡಿದೆ. ಟ್ಯಾಂಕಿನ ನೆರಳು ದಕ್ಷಿಣಕ್ಕೆ ಬಿದ್ದಿತ್ತು.

ಮಳೆಗಾಲದಲ್ಲಿ ಮಾತ್ರ ಮುಷ್ಟಿ ನೆಚ್ಚಿಕೊಂಡರೆ ಉಪವಾಸವೇ ಗತಿ. ಆಷಾಢದ ಸಂಕಷ್ಟಿಗೆ ಧಾರವಾಡದಲ್ಲಿ ಚಂದ್ರ ಹೋಗಲಿ, ಎದುರಿನ ಅಪಾರ್ಟ್‌ಮೆಂಟೇ ಕಾಣುವುದಿಲ್ಲ. ಜಿಟಿಜಿಟಿ ಮಳೆಯಲ್ಲಿ ನಾನು ಮೊಬೈಲ್ ಒರೆಸುತ್ತಾ ನಿಂತಿದ್ದೆ. ಅವ್ವ ಕ್ಯಾಲೆಂಡರಿನ ಸಮಯ ನೋಡಿದಳು, ಗಡಿಯಾರ ನೋಡಿದಳು, ಕೊಡೆ ಹಿಡಿದು ಪೂರ್ವಕ್ಕೆ ಅರ್ಘ್ಯ ಬಿಟ್ಟಳು. "ಮೋಡದ ಹಿಂದ ಅದಾನಲ್ಲ, ಎಲ್ಲಿ ಹೋಗ್ತಾನ. ತಾಟು ಹಾಕು."